ರಿವಾಲ್ವರ್ ಟ್ರಿಗರ್ ಬಿಗಿಯಾಗಿದೆಯೇ? ಮನೆಯಲ್ಲಿ ಬಿಚ್ಚುವ ಮುನ್ನ ಇದನ್ನೊಮ್ಮೆ ಓದಿ

ಅಗಡಿ (ಹಾವೇರಿ): ಚುನಾವಣೆ ಘೋಷಣೆ ಆಯ್ತು ಅಂದ್ರೆ ಲೈಸೆನ್ಸ್ ಇರುವ ಬಂದೂಕು, ರಿವಾಲ್ವರ್‌ಗಳನ್ನು ಠಾಣೆಗೆ ಜಮಾ ಮಾಡಲು ಆದೇಶ ಬರುತ್ತದೆ. ಲೋಕಸಭೆ, ವಿಧಾನಸಭೆ, 2024ರ ನವೆಂಬರ್‌ನಲ್ಲಿ ನಮ್ಮ ಜಿಲ್ಲೆಯದೇ ಶಿಗ್ಗಾವಿ ಉಪಚುನಾವಣೆ, ಹೀಗೆ ಒಂದಾದ ಮೇಲೊಂದು. ಫಲಿತಾಂಶ ಬಂದ ಮೇಲೆ ಆಯುಧ ವಾಪಸ್ ಮನೆಗೆ ಬರುತ್ತದೆ, ಬೀರುವಿನೊಳಗೆ ಹೋಗುತ್ತದೆ. ಮುಂದಿನ ಆಯುಧ ಪೂಜೆಗೆ ಹೊರಗೆ ತೆಗೆದಾಗಲೇ ಗೊತ್ತಾಗುವುದು: ಟ್ರಿಗರ್ ಎಳೆದರೆ ಬಿಗಿ, ಸಿಲಿಂಡರ್ ತಿರುಗುವಾಗ ಕರಕರ ಸದ್ದು, ಅಲ್ಲಲ್ಲಿ ಕೆಂಪು ತುಕ್ಕು.

ಆಗ ಕೈ ಮೊಬೈಲ್ ಕಡೆ ಹೋಗುತ್ತದೆ. ಯೂಟ್ಯೂಬ್‌ನಲ್ಲಿ ಅಮೆರಿಕದವರು ಅಡುಗೆಮನೆ ಟೇಬಲ್ ಮೇಲೆ ರಿವಾಲ್ವರ್ ಬಿಚ್ಚಿ, ಸ್ಪ್ರಿಂಗ್ ಬದಲಿಸಿ, ಒಳಗಿನ ಬಿಡಿಭಾಗ ಉಜ್ಜಿ ನುಣುಪು ಮಾಡಿ, 'ನೋಡಿ, ಬೆಣ್ಣೆಯಂತಾಯ್ತು' ಎಂದು ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ಪಂಪ್‌ಸೆಟ್, ಟ್ರ್ಯಾಕ್ಟರ್ ತಾವೇ ಬಿಚ್ಚಿ ಜೋಡಿಸುವ ನಮ್ಮ ಕಡೆಯ ಜನಕ್ಕೆ 'ಇದೇನು ದೊಡ್ಡ ಕೆಲಸ' ಅನ್ನಿಸುವುದು ಸಹಜ.

ಆದರೆ ಇದು ಪಂಪ್‌ಸೆಟ್ ಅಲ್ಲ. ಮೊದಲೇ ಹೇಳಿಬಿಡೋಣ. ರಿವಾಲ್ವರ್ ಒರೆಸುವುದು, ನಳಿಕೆ ಶುಚಿ ಮಾಡುವುದು, ಎಣ್ಣೆ ಹಚ್ಚುವುದು ಮಾಲೀಕರ ಕೆಲಸ. ಅದನ್ನು ಮಾಡಲೇಬೇಕು. ಒಳಗಿನ ಯಂತ್ರಕ್ಕೆ, ಅಂದರೆ ಸ್ಪ್ರಿಂಗ್, ಹ್ಯಾಮರ್, ಟ್ರಿಗರ್‌ಗೆ ಕೈ ಹಾಕುವುದು ಮಾತ್ರ ಲೈಸೆನ್ಸ್ ಇರುವ ರಿಪೇರಿದಾರರ ಕೆಲಸ. ಯಾಕೆ ಹಾಗೆ? ಒಂದು ಕಾರಣ ಯಂತ್ರದ್ದು, ಇನ್ನೊಂದು ಕಾನೂನಿನದು. ಎರಡನ್ನೂ ಇಲ್ಲಿ ಬಿಡಿಸಿ ಹೇಳಿದ್ದೇವೆ.

ಒಳಗೆ ಏನು ನಡೆಯುತ್ತದೆ?

ನಮ್ಮಲ್ಲಿ ಜನಸಾಮಾನ್ಯರ ಲೈಸೆನ್ಸ್‌ಗೆ ಸಿಗುವ ರಿವಾಲ್ವರ್ ಹೆಚ್ಚಾಗಿ .32 ಬೋರ್‌ನದು. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಹಳೆಯ ಬ್ರಿಟಿಷ್ ವೆಬ್ಲಿ ಮಾದರಿಯದು. ಮೇಲಿನ ಕೊಂಡಿ ಒತ್ತಿದರೆ ನಳಿಕೆ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ, ಸಿಲಿಂಡರ್‌ನ ಆರು ಮನೆಗಳು ಕಾಣುತ್ತವೆ. 2014ರಲ್ಲಿ ಮಹಿಳೆಯರಿಗಾಗಿ ಎಂದು ಬಿಡುಗಡೆಯಾದ, ಸುಮಾರು 500 ಗ್ರಾಂ ತೂಕದ 'ನಿರ್ಭೀಕ್' ಕೂಡ ಇದೇ ಜಾತಿಯದು. ಈ ಸರ್ಕಾರಿ ಕಾರ್ಖಾನೆಗಳು 2021ರ ಅಕ್ಟೋಬರ್ 1ರಿಂದ ಕಂಪನಿಗಳಾಗಿ ಬದಲಾಗಿದ್ದು, ಸಣ್ಣ ಆಯುಧ ತಯಾರಿಸುವ ಘಟಕಗಳು ಈಗ ಅಡ್ವಾನ್ಸ್ಡ್ ವೆಪನ್ಸ್ ಆ್ಯಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಅಡಿ ಬರುತ್ತವೆ.

ನೀವು ಟ್ರಿಗರ್ ಎಳೆದಾಗ ಒಂದೇ ಬೆರಳಿನ ಬಲದಿಂದ ನಾಲ್ಕು ಕೆಲಸ ಆಗುತ್ತವೆ.

ಒಂದು, ಹಿಂದಿನ ಹ್ಯಾಮರ್ ಹಿಂದಕ್ಕೆ ಏಳುತ್ತದೆ. ಅದರ ಜೊತೆ ಹಿಡಿಕೆಯೊಳಗಿನ ಮುಖ್ಯ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ.

ಎರಡು, ಟ್ರಿಗರ್‌ಗೆ ಜೋಡಿಸಿದ ಸಣ್ಣ ಕೊಕ್ಕೆಯೊಂದು ಸಿಲಿಂಡರ್‌ನ ಹಿಂಬದಿಯ ಹಲ್ಲನ್ನು ಮೇಲಕ್ಕೆ ತಳ್ಳಿ, ಅದನ್ನು ಒಂದು ಮನೆಯಷ್ಟು ತಿರುಗಿಸುತ್ತದೆ.

ಮೂರು, ಕೆಳಗಿನ ತಡೆಗುಬ್ಬಿ ಸಿಲಿಂಡರ್‌ನ ಕಚ್ಚಿನಲ್ಲಿ ಕೂತು, ಗುಂಡಿರುವ ಮನೆ ನಳಿಕೆಯ ನೇರಕ್ಕೆ ಬಂದಾಗ ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತದೆ.

ನಾಲ್ಕು, ಕೊನೆಯಲ್ಲಿ ಹ್ಯಾಮರ್ ಬಿಡುಗಡೆಯಾಗಿ ಮುಂದಕ್ಕೆ ಬಡಿಯುತ್ತದೆ. ಅದರ ಮೊನೆ ಗುಂಡಿನ ಹಿಂದಿನ ಕೇಪಿಗೆ, ಅಂದರೆ ಪ್ರೈಮರ್‌ಗೆ ಹೊಡೆದು ಗುಂಡು ಹಾರುತ್ತದೆ.

ಇದಕ್ಕೆ ಡಬಲ್ ಆ್ಯಕ್ಷನ್ ಅಂತಾರೆ. ಹೆಬ್ಬೆರಳಿನಿಂದ ಹ್ಯಾಮರ್ ಮೊದಲೇ ಹಿಂದಕ್ಕೆ ಎಳೆದಿಟ್ಟು, ಆಮೇಲೆ ಟ್ರಿಗರ್ ಒತ್ತಿದರೆ ಅದು ಸಿಂಗಲ್ ಆ್ಯಕ್ಷನ್. ಡಬಲ್ ಆ್ಯಕ್ಷನ್‌ನಲ್ಲಿ ಟ್ರಿಗರ್ ಎಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ಕೆಜಿ ಎತ್ತುವಷ್ಟು ಬಲ ಬೇಕು. ಸಿಂಗಲ್ ಆ್ಯಕ್ಷನ್‌ನಲ್ಲಿ ಎರಡು ಕೆಜಿ ಆಸುಪಾಸು ಸಾಕು. 'ನನ್ನ ರಿವಾಲ್ವರ್ ಬಿಗಿ' ಎಂದು ದೂರುವ ಎಷ್ಟೋ ಜನ ದೂರುವುದು ಅದರ ಹುಟ್ಟುಗುಣವನ್ನೇ, ಕೆಟ್ಟದ್ದನ್ನಲ್ಲ.

ಬಿಗಿ ಇರುವುದೇ ರಕ್ಷಣೆ

ಅನೇಕ ರಿವಾಲ್ವರ್‌ಗಳಲ್ಲಿ ಕೈಯಿಂದ ಹಾಕುವ ಸೇಫ್ಟಿ ಗುಂಡಿ ಇರುವುದಿಲ್ಲ. ಇದ್ದರೂ ಅದನ್ನು ಹಾಕಲು ನೆನಪಿರಬೇಕಲ್ಲ. ಆ ಉದ್ದನೆಯ, ಭಾರದ ಎಳೆತವೇ ಮೊದಲ ಸೇಫ್ಟಿ. ಬಟ್ಟೆ ಸಿಕ್ಕಿ, ಬೆರಳು ತಾಗಿ, ಮಗುವಿನ ಕೈಗೆ ಸಿಕ್ಕಿ ಸುಲಭಕ್ಕೆ ಹಾರದಿರಲಿ ಎಂದೇ ತಯಾರಕರು ಅಷ್ಟು ಭಾರ ಇಟ್ಟಿರುತ್ತಾರೆ.

ಮನೆಯಲ್ಲಿ 'ಹಗುರ' ಮಾಡಲು ಹೊರಟವರು ಸಾಮಾನ್ಯವಾಗಿ ಮೂರರಲ್ಲಿ ಒಂದನ್ನು ಮಾಡುತ್ತಾರೆ. ಮೂರರ ಪರಿಣಾಮವನ್ನೂ ನೋಡಿ.

ಮುಖ್ಯ ಸ್ಪ್ರಿಂಗ್ ಸಡಿಲಿಸುವುದು ಅಥವಾ ಕತ್ತರಿಸುವುದು: ಟ್ರಿಗರ್ ಹಗುರ ಆಗುತ್ತದೆ, ನಿಜ. ಆದರೆ ಪ್ರೈಮರ್‌ಗೆ ಬೀಳುವ ಪೆಟ್ಟೂ ಅದೇ ಸ್ಪ್ರಿಂಗಿನದು. ಅದು ಮೆತ್ತಗಾದರೆ ಗುಂಡು ಹಾರುವುದಿಲ್ಲ. ಜೀವ ರಕ್ಷಣೆಗೆಂದು ಇಟ್ಟುಕೊಂಡ ಆಯುಧ ಬೇಕಾದ ಹೊತ್ತಿಗೆ 'ಟಿಕ್' ಅಂದು ಸುಮ್ಮನಾಗುತ್ತದೆ. ಕೆಲವೊಮ್ಮೆ ಮದ್ದು ತಕ್ಷಣ ಹೊತ್ತದೆ, ಒಂದೆರಡು ಕ್ಷಣ ತಡವಾಗಿ ಹೊತ್ತುವುದೂ ಉಂಟು. ಹಾರಲಿಲ್ಲವೆಂದು ನಳಿಕೆ ತಿರುಗಿಸಿ ನೋಡಿದವನ ಗತಿ ಊಹಿಸಿ. ಟ್ರಿಗರ್ ಎಳೆದೂ ಗುಂಡು ಹಾರದಿದ್ದರೆ ನಳಿಕೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು ಎಂಬ ನಿಯಮ ಬಂದದ್ದೇ ಇದಕ್ಕೆ.

ಹ್ಯಾಮರ್ ಮತ್ತು ಟ್ರಿಗರ್ ಕಚ್ಚಿಕೊಳ್ಳುವ ಅಂಚನ್ನು ಅರದಿಂದ ಉಜ್ಜುವುದು: ಇದು ಎಲ್ಲಕ್ಕಿಂತ ಅಪಾಯದ್ದು. ಎಳೆದಿಟ್ಟ ಹ್ಯಾಮರ್ ನಿಂತಿರುವುದು ಕೂದಲಿನಷ್ಟು ಸಣ್ಣ ಅಂಚಿನ ಮೇಲೆ. ಹಳೆಯ ಆಯುಧಗಳಲ್ಲಿ ಆ ಉಕ್ಕಿನ ಮೇಲ್ಪದರಕ್ಕಷ್ಟೇ ಹದ ಕೊಟ್ಟು ಗಟ್ಟಿ ಮಾಡಿರುತ್ತಾರೆ, ಒಳಗಿನ ಲೋಹ ಮೆತ್ತಗೆ. ಕುಡುಗೋಲಿನ ಬಾಯಿ ಹದದಂತೆ ಅಂದುಕೊಳ್ಳಿ. ಅರ ಹಾಕಿದರೆ ಗಟ್ಟಿ ಪದರ ಹೋಗುತ್ತದೆ. ಆ ದಿನಕ್ಕೆ ನುಣುಪು ಅನ್ನಿಸುತ್ತದೆ, ಆಮೇಲೆ ಸವೆಯುತ್ತಾ ಹೋಗುತ್ತದೆ. ಒಂದು ದಿನ ಟ್ರಿಗರ್ ಮುಟ್ಟದೆಯೇ, ಸಣ್ಣ ಪೆಟ್ಟಿಗೆ, ಬಿದ್ದ ಜೋರಿಗೆ ಹ್ಯಾಮರ್ ಜಾರಿ ಗುಂಡು ಹಾರಬಹುದು.

ಸಿಲಿಂಡರ್ ತಿರುಗಿಸುವ ಕೊಕ್ಕೆ, ತಡೆಗುಬ್ಬಿ ಉಜ್ಜುವುದು: ಸಿಲಿಂಡರ್ ಸರಿಯಾದ ಜಾಗದಲ್ಲಿ ನಿಲ್ಲುವ ಲೆಕ್ಕ ತಪ್ಪುತ್ತದೆ. ಗುಂಡಿನ ಮನೆ ನಳಿಕೆಯ ನೇರಕ್ಕೆ ಇಲ್ಲದಿದ್ದರೆ ಗುಂಡು ನಳಿಕೆಯ ಅಂಚಿಗೆ ಬಡಿದು, ಸೀಸದ ಚೂರು, ಬೆಂಕಿ ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವರ ಕಣ್ಣಿಗೆ, ಹಿಡಿದವರ ಕೈಗೆ ಗಾಯ ಖಚಿತ.

ವಿಡಿಯೋದಲ್ಲಿ ಈ ಕೆಲಸ ಮಾಡುವವರ ಹತ್ತಿರ ಆ ಮಾದರಿಗೇ ತಯಾರಾದ ಬಿಡಿಭಾಗ, ಎಳೆತ ಅಳೆಯುವ ತಕ್ಕಡಿ, ಕಣ್ಣಿಗೆ ಕಾಣದ ಅಂತರ ಅಳೆಯುವ ಗೇಜು ಇರುತ್ತವೆ. ಕೆಟ್ಟರೆ ಬದಲಿಸಲು ಬಿಡಿಭಾಗ ಅಂಗಡಿಯಲ್ಲೇ ಸಿಗುತ್ತದೆ. ಮತ್ತೆ, ಅವರ ದೇಶದ ಕಾನೂನು ಬೇರೆ.

ನಮ್ಮ ಕಾನೂನು ಏನನ್ನುತ್ತದೆ?

ಆಯುಧ ಮತ್ತು ಸರ್ಕಾರದ ಲೆಕ್ಕಾಚಾರ ನಮ್ಮ ಭಾಗಕ್ಕೆ ಹೊಸದಲ್ಲ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದು ಕಾಯ್ದೆ ತಂದಾಗ ಈಗಿನ ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು ಒಪ್ಪದೆ ಬಂಡೆದ್ದ ಕಥೆ ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. 1878ರಲ್ಲಿ ಇನ್ನೊಂದು ಕಾಯ್ದೆ ಬಂತು. ಸ್ವಾತಂತ್ರ್ಯಾನಂತರ ಅದರ ಜಾಗಕ್ಕೆ ಬಂದದ್ದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದು 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಜೊತೆಗೆ 2016ರ ಶಸ್ತ್ರಾಸ್ತ್ರ ನಿಯಮಗಳಿವೆ.

ಈ ಕಾಯ್ದೆಯಲ್ಲಿ ಎರಡು ಬೇರೆ ಬೇರೆ ಲೈಸೆನ್ಸ್ ಇವೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಸೆಕ್ಷನ್ 3: ಬಂದೂಕು, ರಿವಾಲ್ವರ್ ಇಟ್ಟುಕೊಳ್ಳಲು ಲೈಸೆನ್ಸ್. ನಿಮ್ಮ ಹತ್ತಿರ ಇರುವುದು ಇದು.

ಸೆಕ್ಷನ್ 5: ಆಯುಧ ತಯಾರಿಸಲು, ಮಾರಲು, ಬದಲಾಯಿಸಲು, ರಿಪೇರಿ ಮಾಡಲು, ಪರೀಕ್ಷಿಸಲು ಲೈಸೆನ್ಸ್. ಇದು ಡೀಲರ್, ರಿಪೇರಿದಾರರ ಹತ್ತಿರ ಇರುವುದು.

ಸೆಕ್ಷನ್ 5ರಲ್ಲಿ 'ಯಾವ ವ್ಯಕ್ತಿಯೂ' ಲೈಸೆನ್ಸ್ ಇಲ್ಲದೆ ಈ ಕೆಲಸ ಮಾಡಬಾರದು ಎಂದಿದೆ. ಸ್ವಂತಕ್ಕೆ ಇಟ್ಟುಕೊಂಡ ಆಯುಧವನ್ನು ಮಾರಲು, ವರ್ಗಾಯಿಸಲು ಮಾಲೀಕರಿಗೆ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿದ್ದಾರೆ. ರಿಪೇರಿಗೆ ಅಂಥ ವಿನಾಯಿತಿ ಕೊಟ್ಟಿಲ್ಲ. 'ನನ್ನ ಆಯುಧ, ನನ್ನ ಲೈಸೆನ್ಸ್, ನಾನೇ ಬಿಚ್ಚಿದೆ' ಅನ್ನುವ ವಾದ ಅಲ್ಲೇ ಬಿದ್ದುಹೋಗುತ್ತದೆ.

ಶಿಕ್ಷೆ ಎಷ್ಟು? 2019ರ ತಿದ್ದುಪಡಿಗೆ ಮೊದಲು ಸೆಕ್ಷನ್ 5ರ ಉಲ್ಲಂಘನೆಗೆ 3ರಿಂದ 7 ವರ್ಷ ಇತ್ತು. ಈಗ ಸೆಕ್ಷನ್ 25ರ ಪ್ರಕಾರ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ, ಜೊತೆಗೆ ದಂಡ. ಈ ಕಠಿಣ ಶಿಕ್ಷೆ ಮುಖ್ಯವಾಗಿ ಕಳ್ಳ ಆಯುಧ ತಯಾರಕರನ್ನು ಗುರಿ ಮಾಡಿ ತಂದದ್ದು. ಆದರೆ ಸೆಕ್ಷನ್‌ನಲ್ಲಿ 'ರಿಪೇರಿ' ಎಂಬ ಪದವೂ ಅದೇ ಸಾಲಿನಲ್ಲಿದೆ. ಅದರ ಮೇಲೆ ಲೈಸೆನ್ಸ್ ಅಮಾನತು ಮಾಡುವ, ರದ್ದುಪಡಿಸುವ ಅಧಿಕಾರ ಸೆಕ್ಷನ್ 17ರಲ್ಲಿ ಲೈಸೆನ್ಸ್ ಕೊಟ್ಟ ಪ್ರಾಧಿಕಾರಕ್ಕಿದೆ. ನಮ್ಮ ಜಿಲ್ಲೆಯಲ್ಲಿ ಅಂದರೆ ದೇವಗಿರಿಯ ಜಿಲ್ಲಾಡಳಿತ ಭವನದಲ್ಲಿರುವ ಜಿಲ್ಲಾಧಿಕಾರಿ ಕಚೇರಿ.

ಅದೇ 2019ರ ತಿದ್ದುಪಡಿಯಲ್ಲಿ ಬಂದ ಇನ್ನೆರಡು ಬದಲಾವಣೆ ಲೈಸೆನ್ಸ್‌ದಾರರಿಗೆ ನೆನಪಿರಲಿ. ಒಬ್ಬರ ಹತ್ತಿರ ಇರಬಹುದಾದ ಆಯುಧ ಮೂರರಿಂದ ಎರಡಕ್ಕೆ ಇಳಿದಿದೆ. ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ.

'ರಿಪೇರಿ ಆಯ್ತೋ ಇಲ್ಲೋ ನೋಡೋಣ' ಎಂದು ಹೊಲದಲ್ಲಿ ಒಂದು ಗುಂಡು ಹಾರಿಸುವುದೂ ಬೇಡ. ಇತರರ ಜೀವಕ್ಕೆ ಅಪಾಯ ಆಗುವಂತೆ ನಿರ್ಲಕ್ಷ್ಯದಿಂದ ಗುಂಡು ಹಾರಿಸಿದರೆ, ಮದುವೆ-ಜಾತ್ರೆಯಲ್ಲಿ ಖುಷಿಗೆ ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಗುಂಡಿನ ಮೇಲಿನ ಗುರುತು

ಹ್ಯಾಮರ್ ಮೊನೆಯನ್ನು ಸ್ವಲ್ಪ ಉಜ್ಜಿದರೆ ಸರ್ಕಾರಕ್ಕೇನು ಅಂತ ಕೇಳಬಹುದು. ಪ್ರತಿ ಆಯುಧದ ಮೊನೆ ಪ್ರೈಮರ್ ಮೇಲೆ, ನಳಿಕೆಯ ಒಳಗೆರೆ ಗುಂಡಿನ ಮೇಲೆ ತನ್ನದೇ ಗುರುತು ಬಿಡುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದವರು ಅದನ್ನು ಬೆರಳಚ್ಚಿನಂತೆ ಹೋಲಿಸಿ ನೋಡುತ್ತಾರೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾದರು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಎಂದು ಪ್ರಯೋಗಾಲಯದ ವರದಿ ಹೇಳಿದ್ದು ಇಂಥ ಗುರುತುಗಳ ಹೋಲಿಕೆಯಿಂದಲೇ.

ಮೊನೆ, ನಳಿಕೆ ಉಜ್ಜಿದರೆ ಆ ಗುರುತು ಬದಲಾಗುತ್ತದೆ. ನಾಳೆ ನಿಮ್ಮ ಆಯುಧ ಕಳವಾಗಿ ಎಲ್ಲೋ ಬಳಕೆಯಾದರೆ, ಅಥವಾ ಯಾವುದೋ ಪ್ರಕರಣದಲ್ಲಿ ಪರೀಕ್ಷೆಗೆ ಹೋದರೆ, 'ಮೊನೆ ಯಾಕೆ ಉಜ್ಜಿದಿರಿ' ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ಲೈಸೆನ್ಸ್ ಇರುವ ರಿಪೇರಿದಾರರಲ್ಲಿ ಮಾಡಿಸಿದ್ದರೆ ರಸೀದಿಯೇ ಉತ್ತರ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು?

ಸಮಾಧಾನದ ಸಂಗತಿ ಏನಂದ್ರೆ, ಬಹಳ ಸಲ ಬಿಗಿತಕ್ಕೆ ಕಾರಣ ಯಂತ್ರ ಅಲ್ಲ, ಕೊಳೆ. ಹಳೆಯ ಎಣ್ಣೆ ಅಂಟಾಗಿ ಗಟ್ಟಿಯಾಗಿರುತ್ತದೆ, ಮದ್ದಿನ ಮಸಿ ಸಿಲಿಂಡರ್ ಮತ್ತು ನಳಿಕೆಯ ನಡುವಿನ ಸಂದಿಯಲ್ಲಿ ಕೂತಿರುತ್ತದೆ. ಸ್ಕ್ರೂ ಒಂದನ್ನೂ ಬಿಚ್ಚದೆ ಇದನ್ನು ಶುಚಿ ಮಾಡಬಹುದು. ಕ್ರಮ ಹೀಗಿದೆ.

1. ಮಕ್ಕಳು, ಮಂದಿ ಇಲ್ಲದ ಕೋಣೆ. ಮೊಬೈಲ್ ಬದಿಗಿಡಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಶುಚಿ ಮಾಡುವ ಮೇಜಿನ ಮೇಲೆ ಒಂದು ಗುಂಡೂ ಇರಬಾರದು.

2. ನಳಿಕೆಯನ್ನು ಗೋಡೆಯಾಚೆ ಯಾರೂ ಇಲ್ಲದ ದಿಕ್ಕಿಗೆ ಹಿಡಿಯಿರಿ. ಬೆರಳು ಟ್ರಿಗರ್‌ನಿಂದ ಹೊರಗೆ. ತೆರೆದು ಆರೂ ಮನೆಗಳನ್ನು ಕಣ್ಣಿನಿಂದ ನೋಡಿ, ಆಮೇಲೆ ಬೆರಳಿನಿಂದ ಮುಟ್ಟಿ ಎಣಿಸಿ. 'ಖಾಲಿ ಐತಿ ಬಿಡ್ರಿ' ಅಂದ ಮಾತಿನಿಂದಲೇ ಹೆಚ್ಚು ಅನಾಹುತ ಆಗುವುದು. ಕೈ ಬದಲಾದಾಗಲೆಲ್ಲ ಮತ್ತೆ ಎಣಿಸಿ.

3. ಬಂದೂಕು ಅಂಗಡಿಯಲ್ಲಿ ಸಿಗುವ ಶುಚಿ ಮಾಡುವ ದ್ರವ, .32 ಅಳತೆಯ ಹಿತ್ತಾಳೆ ಅಥವಾ ಕಂಚಿನ ಬ್ರಷ್, ಕಡ್ಡಿ ತೆಗೆದುಕೊಳ್ಳಿ. ಬ್ರಷ್ ಹಿಂದಿನಿಂದ ಮುಂದಕ್ಕೆ ಹೋಗಬೇಕು. ಮುಂದಿನ ಬಾಯಿಂದ ತುರುಕಿದರೆ ಗುಂಡು ಹೊರಬೀಳುವ ಅಂಚು ಸವೆದು ಗುರಿ ತಪ್ಪುತ್ತದೆ.

4. ಆರೂ ಮನೆಗಳಿಗೆ ಬ್ರಷ್ ಹಾಕಿ. ಆಮೇಲೆ ಹತ್ತಿಯ ಬಟ್ಟೆ ತುಂಡು. ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಬದಲಿಸುತ್ತಾ ಹೋಗಿ.

5. ಸಿಲಿಂಡರ್‌ನ ಹಿಂದಿನ ಹಲ್ಲು, ಖಾಲಿ ಗುಂಡುಗಳನ್ನು ಹೊರತಳ್ಳುವ ನಕ್ಷತ್ರದಾಕಾರದ ತಟ್ಟೆ, ಅದರ ಕೆಳಭಾಗ: ಇಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಈ ತಟ್ಟೆಯ ಕೆಳಗೆ ಒಂದು ಮದ್ದಿನ ಕಾಳು ಕೂತರೂ ಸಿಲಿಂಡರ್ ಉಜ್ಜಿಕೊಂಡು ತಿರುಗುತ್ತದೆ, ಟ್ರಿಗರ್ ಭಾರ ಅನ್ನಿಸುತ್ತದೆ. ಎಷ್ಟೋ 'ಬಿಗಿ' ಇಲ್ಲೇ ಬಿಡುತ್ತದೆ.

6. ಪೂರ್ತಿ ಒರೆಸಿ ಒಣಗಿಸಿ. ತಿರುಗುವ ಜಾಗಗಳಿಗೆ ಆಯುಧದ ಎಣ್ಣೆ ಒಂದೊಂದೇ ಹನಿ. ಹೊರಮೈಗೆ ಎಣ್ಣೆ ಬಟ್ಟೆಯಿಂದ ತೆಳ್ಳಗೆ. ಸಿಲಿಂಡರ್ ಮನೆಗಳು ಮತ್ತು ನಳಿಕೆಯ ಒಳಗೆ ಎಣ್ಣೆ ನಿಲ್ಲಬಾರದು. ಹೆಚ್ಚಾದ ಎಣ್ಣೆ ಗುಂಡಿನ ಪ್ರೈಮರ್‌ಗೆ ಇಳಿದರೆ ಗುಂಡು ಹಾಳು.

ಇಷ್ಟು ಮಾಡಿ ಮರುದಿನ ನೋಡಿ. ಬಿಗಿತ ಹೋಗಿದ್ದರೆ ಸಂತೋಷ. ಹೋಗದಿದ್ದರೆ ಮುಂದಿನ ಕೆಲಸ ನಿಮ್ಮದಲ್ಲ.

ನಮ್ಮ ಮನೆಗಳಲ್ಲಿ ಆಗುವ ತಪ್ಪುಗಳು

ಕೊಬ್ಬರಿ ಎಣ್ಣೆ: ಮನೆಯಲ್ಲಿ ಇರುತ್ತದೆ, ಹಚ್ಚುತ್ತಾರೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಇದು ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ರಿವಾಲ್ವರ್ ಒಳಗೆ ದ್ರವವಾಗಿ ಇರುತ್ತದೆಯೇ? ದಿನ ಕಳೆದಂತೆ ಅಂಟೂ ಆಗುತ್ತದೆ. ಬಿಗಿತಕ್ಕೆ ಇದೂ ಒಂದು ಕಾರಣ.

ಸೀಮೆಎಣ್ಣೆ, ಪೆಟ್ರೋಲ್: ಜಿಡ್ಡು ತೆಗೆಯುತ್ತದೆ, ಆದರೆ ಲೋಹವನ್ನು ಒಣಗಿಸಿ ಬಿಡುತ್ತದೆ. ಮೇಲೆ ಎಣ್ಣೆ ಹಚ್ಚದಿದ್ದರೆ ತುಕ್ಕು. ಬೆಂಕಿಯ ಅಪಾಯ ಬೇರೆ.

ಆಯುಧ ಪೂಜೆ: ಅರಿಶಿನ ನೀರು, ಕುಂಕುಮ, ವಿಭೂತಿ, ನಿಂಬೆಹಣ್ಣು. ನಿಂಬೆಯ ಹುಳಿ ಮತ್ತು ನೀರು ಎರಡೂ ಉಕ್ಕಿನ ಶತ್ರು. ಕುಂಕುಮದ ಪುಡಿ ಸಂದಿಗೆ ಹೋದರೆ ಎಣ್ಣೆಯೊಂದಿಗೆ ಸೇರಿ ರಾಡಿಯಾಗುತ್ತದೆ. ಪೂಜೆ ಮಾಡಿ, ಬೇಡ ಅನ್ನುತ್ತಿಲ್ಲ. ಖಾಲಿ ಆಯುಧವನ್ನು ಬಟ್ಟೆಯ ಮೇಲಿಟ್ಟು, ಕುಂಕುಮ ಹಿಡಿಕೆಯ ಹೊರಭಾಗಕ್ಕಷ್ಟೇ ಇಟ್ಟು, ಅಂದೇ ಸಂಜೆ ಒರೆಸಿ ಎಣ್ಣೆ ಬಟ್ಟೆ ಆಡಿಸಿ. ಪೂಜೆಗೆ ಗುಂಡು ತುಂಬಿದ ಆಯುಧ ಇಡುವ ಪದ್ಧತಿ ಇದ್ದರೆ ಇಂದೇ ಬಿಡಿ.

ಚರ್ಮದ ಚೀಲದಲ್ಲೇ ಇಡುವುದು: ಸೊಂಟಕ್ಕೆ ಕಟ್ಟುವ ಚರ್ಮದ ಕವಚ ಒಯ್ಯಲು ಮಾತ್ರ. ಚರ್ಮ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಒಳಗೇ ಬಿಟ್ಟರೆ ತುಕ್ಕು ಹಿಡಿದು ಕಲೆ ಬೀಳುತ್ತದೆ.

ಸ್ಯಾಂಡ್ ಪೇಪರ್: ತುಕ್ಕು ತೆಗೆಯಲು ಇದರಿಂದ ಉಜ್ಜಿದರೆ ಮೇಲಿನ ಕಪ್ಪು-ನೀಲಿ ಲೇಪ ಹೋಗಿ, ಮುಂದಿನ ತಿಂಗಳು ಎರಡರಷ್ಟು ತುಕ್ಕು. ನಂಬರ್ ಕೊರೆದ ಜಾಗ ಅಳಿಸಿತೋ, ಅದೇ ಬೇರೆ ಅಪರಾಧವಾಗಿ ಎದುರಾಗಬಹುದು. ತಯಾರಕರ ಗುರುತು, ನಂಬರ್ ಅಳಿಸುವುದನ್ನು ಕಾಯ್ದೆ ನಿಷೇಧಿಸಿದೆ.

ಸಿನಿಮಾ ಶೈಲಿ: ಸಿಲಿಂಡರ್ ಗಿರ್ರನೆ ತಿರುಗಿಸಿ, ಕೈ ಝಾಡಿಸಿ 'ಟಪ್' ಎಂದು ಮುಚ್ಚುವುದು. ತೆರೆಯ ಮೇಲೆ ಚೆಂದ. ನಿಜದಲ್ಲಿ ಕೊಂಡಿ, ಕೀಲು ಸಡಿಲಾಗಿ ಸಿಲಿಂಡರ್ ನೇರ ತಪ್ಪುತ್ತದೆ. ಎರಡೂ ಕೈ ಬಳಸಿ ನಿಧಾನಕ್ಕೆ ಮುಚ್ಚಿ. ಖಾಲಿ ರಿವಾಲ್ವರ್‌ನ ಟ್ರಿಗರ್ ಸುಮ್ಮಸುಮ್ಮನೆ ಎಳೆಯುವುದೂ ಹಳೆಯ ಆಯುಧದ ಮೊನೆಗೆ ಒಳ್ಳೆಯದಲ್ಲ.

ಎಲ್ಲ .32 ಒಂದೇ ಅಲ್ಲ: ರಿವಾಲ್ವರ್‌ನ .32 ಗುಂಡು ಉದ್ದ, ಹಿಂದೆ ಅಗಲದ ಅಂಚು ಇರುತ್ತದೆ. ಪಿಸ್ತೂಲಿನ .32 ಗಿಡ್ಡ. 'ಕೂತುಕೊಳ್ಳುತ್ತದೆ' ಎಂದು ಒಂದನ್ನು ಇನ್ನೊಂದಕ್ಕೆ ಹಾಕಬಾರದು.

ಈ ಲಕ್ಷಣ ಕಂಡರೆ ನಿಲ್ಲಿಸಿ

ಎಳೆದಿಟ್ಟ ಹ್ಯಾಮರ್ ಟ್ರಿಗರ್ ಮುಟ್ಟದೆ ಬೀಳುವುದು. ಹ್ಯಾಮರ್ ಪೂರ್ತಿ ಹಿಂದೆ ಬಂದರೂ ಸಿಲಿಂಡರ್ ಗಟ್ಟಿಯಾಗಿ ಕೂರದೆ ಅಲ್ಲಾಡುವುದು. ಕೆಲವು ಮನೆಗಳಿಗೆ ಮಾತ್ರ ಟ್ರಿಗರ್ ಬಿಗಿಯಾಗುವುದು. ಎಳೆದ ಟ್ರಿಗರ್ ತಾನಾಗಿ ಮುಂದಕ್ಕೆ ಬಾರದೆ ಉಳಿಯುವುದು. ಮೇಲಿನ ಕೊಂಡಿ ಸಡಿಲ. ನಳಿಕೆಯಲ್ಲಿ ಉಬ್ಬು ಅಥವಾ ಬಿರುಕು. ಹಾರಿಸಿದಾಗ ಪಕ್ಕಕ್ಕೆ ಚೂರು ಸಿಡಿಯುವುದು.

ಇದರಲ್ಲಿ ಒಂದಿದ್ದರೂ ಗುಂಡು ಹಾಕಬೇಡಿ. 'ಇದೊಂದು ಸಲ ನೋಡೋಣ' ಎಂಬುದೂ ಬೇಡ.

ರಿಪೇರಿಗೆ ಒಯ್ಯುವುದು ಹೇಗೆ?

ಲೈಸೆನ್ಸ್ ಇರುವ ಬಂದೂಕು ಅಂಗಡಿಗೇ ಒಯ್ಯಬೇಕು. ಹೋಗುವ ಮುಂಚೆ ಅವರ ಲೈಸೆನ್ಸ್‌ನಲ್ಲಿ ಮಾರಾಟ ಮಾತ್ರ ಇದೆಯೋ, ರಿಪೇರಿಯೂ ಇದೆಯೋ ಕೇಳಿ. ಎಲ್ಲ ಅಂಗಡಿಯವರೂ ರಿಪೇರಿ ಮಾಡುತ್ತಾರೆ ಅಂತಲ್ಲ.

ಆಯುಧ ಖಾಲಿ ಇರಲಿ, ಗುಂಡು ಬೇರೆ ಇರಲಿ ಅಥವಾ ಮನೆಯಲ್ಲೇ ಇರಲಿ. ಅಸಲು ಲೈಸೆನ್ಸ್ ಜೊತೆಗಿರಲಿ. ನಿಮ್ಮ ಲೈಸೆನ್ಸ್ ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂದು ಅದರಲ್ಲೇ ಬರೆದಿರುತ್ತದೆ, ಬೇರೆ ಜಿಲ್ಲೆ, ಬೇರೆ ರಾಜ್ಯಕ್ಕೆ ಒಯ್ಯುವ ಮುಂಚೆ ಓದಿ. ಬಿಡುವಾಗ ಆಯುಧದ ನಂಬರ್, ದಿನಾಂಕ, ಮಾಡಬೇಕಾದ ಕೆಲಸ ಬರೆದ ರಸೀದಿ ಪಡೆಯಿರಿ. ವಾಪಸ್ ತರುವಾಗ ಯಾವ ಬಿಡಿಭಾಗ ಬದಲಾಯಿತು ಎಂದು ಬರೆಸಿಕೊಳ್ಳಿ.

ವಯಸ್ಸಾದವರು, ಹುಷಾರಿಲ್ಲದವರು ತಾವೇ ಹೋಗಲಾಗದಿದ್ದರೆ? ಸೆಕ್ಷನ್ 3ರಲ್ಲೇ ಇದಕ್ಕೆ ದಾರಿ ಇದೆ. ರಿಪೇರಿಗೆ ಅಥವಾ ಲೈಸೆನ್ಸ್ ನವೀಕರಣಕ್ಕೆ ಲೈಸೆನ್ಸ್‌ದಾರರ ಲಿಖಿತ ಅನುಮತಿ ಇದ್ದರೆ, ಅಥವಾ ಅವರು ಜೊತೆಗಿದ್ದರೆ, ಸ್ವಂತ ಲೈಸೆನ್ಸ್ ಇಲ್ಲದ ಇನ್ನೊಬ್ಬರು ಆಯುಧ ಒಯ್ಯಬಹುದು. ಮಗನ ಕೈಯಲ್ಲಿ ಕಳಿಸುವಾಗ ಬಾಯಿಮಾತು ಸಾಲದು, ಸಹಿ ಮಾಡಿದ ಚೀಟಿ ಮತ್ತು ಅಸಲು ಲೈಸೆನ್ಸ್ ಕೊಟ್ಟು ಕಳಿಸಿ.

ಊರಿನ ಲೇತ್ ಅಂಗಡಿ, ವೆಲ್ಡಿಂಗ್ ಅಂಗಡಿ, ಕಮ್ಮಾರಸಾಲೆಗೆ ಕೊಡಬೇಡಿ. ಅವರ ಕೈ ಎಷ್ಟೇ ಪಳಗಿದ್ದಿರಲಿ, ಸೆಕ್ಷನ್ 5ರ ಲೈಸೆನ್ಸ್ ಇಲ್ಲ. ಇಟ್ಟುಕೊಳ್ಳಲು ಅರ್ಹತೆ ಇಲ್ಲದವರ ಕೈಗೆ ಆಯುಧ ಕೊಟ್ಟ ತಪ್ಪು ನಿಮ್ಮ ಮೇಲೆ, ರಿಪೇರಿ ಮಾಡಿದ ತಪ್ಪು ಅವರ ಮೇಲೆ. ನೂರು-ಇನ್ನೂರು ರೂಪಾಯಿ ಕೂಲಿಗೆ ಊರಿನ ದುಡಿಯುವ ಮನುಷ್ಯನನ್ನು 7 ವರ್ಷದ ಸೆಕ್ಷನ್ ಮುಂದೆ ನಿಲ್ಲಿಸಿದಂತೆ.

ಓದುಗರಿಗೆ ಬರಬಹುದಾದ ಪ್ರಶ್ನೆಗಳು

ನಮ್ಮದು ಬೆಳೆ ರಕ್ಷಣೆಯ ಬಂದೂಕು, ರಿವಾಲ್ವರ್ ಅಲ್ಲ. ನಮಗೂ ಇದೇ ನಿಯಮವೇ?

ಹೌದು. ಬೆಳೆ ಕಾಯಲು ಕಾಯ್ದೆ ಹೇಳುವುದು ಬಾಯಿಂದ ಮದ್ದು ತುಂಬುವ ಕೇಪಿನ ಬಂದೂಕು. ರಿವಾಲ್ವರ್ ಬೆಳೆ ರಕ್ಷಣೆಯ ಆಯುಧವೇ ಅಲ್ಲ. ಆದರೆ ಸೆಕ್ಷನ್ 5 ಎಲ್ಲ ಬಂದೂಕಿಗೂ ಒಂದೇ. ಒರೆಸಿ, ಎಣ್ಣೆ ಹಚ್ಚಿ. ಕುದುರೆ, ಸ್ಪ್ರಿಂಗ್ ಕೆಲಸ ರಿಪೇರಿದಾರರಿಗೆ ಬಿಡಿ. ಇನ್ನೊಂದು ಮಾತು: ಬೆಳೆ ರಕ್ಷಣೆ ಲೈಸೆನ್ಸ್ ಎಂದರೆ ಬೇಟೆಗೆ ಅನುಮತಿ ಅಲ್ಲ. ರಾಣೆಬೆನ್ನೂರು ಕಡೆ ಹೊಲಕ್ಕೆ ನುಗ್ಗುವ ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. ಅದಕ್ಕಾಗಿಯೇ 1974ರಲ್ಲಿ 119 ಚದರ ಕಿ.ಮೀ. ಅಭಯಾರಣ್ಯ ಆಗಿದೆ. ಬೆಳೆ ಹಾನಿಯಾದರೆ ದಾರಿ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ, ಬಂದೂಕಲ್ಲ.

ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ?

ಕೊಡವ ಜನಾಂಗದವರಿಗೆ, ಜಮ್ಮಾ ಹಿಡುವಳಿದಾರರಿಗೆ ಷರತ್ತುಗಳೊಂದಿಗೆ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ. ಆದರೆ ಅದು ಇಟ್ಟುಕೊಳ್ಳುವ, ಒಯ್ಯುವ ಲೈಸೆನ್ಸಿನ ವಿನಾಯಿತಿ, ರಿಪೇರಿಯದ್ದಲ್ಲ.

ಅಪ್ಪನ ಹೆಸರಿನ ರಿವಾಲ್ವರ್ ಮನೆಯಲ್ಲಿದೆ, ಅಪ್ಪ ತೀರಿಕೊಂಡರು. ಶುಚಿ ಮಾಡಿ ಇಡಬಹುದೇ?

ಇಡುವ ಹಾಗಿಲ್ಲ. ಅವರ ಲೈಸೆನ್ಸ್ ಅವರೊಂದಿಗೆ ಮುಗಿಯಿತು. ತಡಮಾಡದೆ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಹತ್ತಿರ ಸೆಕ್ಷನ್ 21ರ ಪ್ರಕಾರ ಜಮಾ ಮಾಡಿ ರಸೀದಿ ಪಡೆಯಿರಿ. ಆಮೇಲೆ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಹಾಕಬಹುದು.

ಚುನಾವಣೆಗೆ ಜಮಾ ಮಾಡುವಾಗ ತುಕ್ಕು ಹಿಡಿಯದಂತೆ ಏನು ಮಾಡಬೇಕು?

ಕೊಡುವ ಹಿಂದಿನ ದಿನ ಶುಚಿ ಮಾಡಿ, ತೆಳ್ಳಗೆ ಎಣ್ಣೆ ಹಚ್ಚಿ, ಚರ್ಮದ ಕವಚ ಬಿಟ್ಟು ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಡಿ. ನಂಬರ್ ಮತ್ತು ಆಗಿನ ಸ್ಥಿತಿ ರಸೀದಿಯಲ್ಲಿ ಬರೆಸಿ. ವಾಪಸ್ ಬಂದ ದಿನವೇ ಮತ್ತೊಮ್ಮೆ ಶುಚಿ ಮಾಡಿ. ಆರು ತಿಂಗಳು ಬಿಟ್ಟು ಟ್ರಿಗರ್ ಬಿಗಿ ಅನ್ನುವ ಬದಲು ಅಂದೇ ಅರ್ಧ ಗಂಟೆ ಕೊಟ್ಟರೆ ಸಾಕು.

ನೆನಪಿಡಿ

ಕೊಳೆ ತೆಗೆಯಲು ಬ್ರಷ್, ಬಟ್ಟೆ, ಎಣ್ಣೆ ಸಾಕು. ಸ್ಕ್ರೂಡ್ರೈವರ್ ಮತ್ತು ಅರ ಕೈಗೆತ್ತಿಕೊಳ್ಳಬೇಕು ಅನ್ನಿಸಿತೆಂದರೆ ಆ ಕೆಲಸ ರಿಪೇರಿದಾರರದು.

ಶುಚಿ ಮಾಡಿದ ಮೇಲೆ ಆಯುಧ ಬೀಗದ ಬೀರುವಿಗೆ, ಗುಂಡು ಬೇರೆ ಬೀಗಕ್ಕೆ, ಎರಡರ ಕೀಲಿ ನಿಮ್ಮ ಹತ್ತಿರ.